ಬಣ್ಣದ ವೇಷ ಪುಟ ಏರುವ ಮುನ್ನ

ದಪ್ಪನೆಯ ಚಿತ್ರಪುಸ್ತಕವೊಂದು ಕೈಗೆ ಬಂದರೆ ನೀವು ಮೊದಲು ನೋಡುವುದು ಏನನ್ನು? ಕೆಲವರು ಹಾಳೆಗಳ ನಡುವೆ ಮೂಗಿಟ್ಟು ಶಾಯಿಯ ವಾಸನೆ ಹೀರುತ್ತಾರೆ. ಕೆಲವರು ನೆಟ್ಟಗೆ ಬೆಲೆಗೆ ಹೋಗುತ್ತಾರೆ. ಲೇಖನ ಕೊಟ್ಟವರು ಪರಿವಿಡಿ ತೆಗೆದು ತಮ್ಮ ಹೆಸರಿನ ಕೊಂಬು, ದೀರ್ಘ ಎಲ್ಲ ಸರಿಯಾಗಿ ಬಿದ್ದಿವೆಯೇ ಎಂದು ನೋಡುತ್ತಾರೆ, ನೋಡಲೇಬೇಕಲ್ಲ, ಹೆಸರಲ್ಲವೇ? ನನ್ನ ಕಣ್ಣು ಮಾತ್ರ ಎರಡು ಪುಟ ಕೂಡುವ ಸಂದಿಗೆ ಹೋಗುತ್ತದೆ. ಆ ಸಂದಿಯಲ್ಲಿ ಯಾರದಾದರೂ ಮುಖ ಸಿಕ್ಕಿಕೊಂಡಿದೆಯೇ? ಎರಡೂ ಪುಟಕ್ಕೆ ಹರಡಿದ ಚಿತ್ರದ ಗೆರೆ ಅತ್ತಿಂದಿತ್ತ ಮುರಿಯದೆ ಹಾದುಹೋಗಿದೆಯೇ? ಇಷ್ಟು ನೋಡಿದರೆ ಆ ಪುಸ್ತಕವನ್ನು ಅಚ್ಚಿಗೆ ಅಣಿಮಾಡಿದವರ ಮನಸ್ಸು ಅರ್ಧ ತಿಳಿದಂತೆ.

ಸಂದಿಯ ಮಾತು ಬಂತಲ್ಲ, ಅದನ್ನೇ ಮೊದಲು ಮಾತಾಡೋಣ. ಒಂದು ಹಾಳೆ ತೆಗೆದುಕೊಳ್ಳಿ, ಮೂರು ಸಲ ಮಡಚಿ. ಎಂಟು ಎಲೆ, ಹದಿನಾರು ಪುಟ ಸಿಕ್ಕಿತು. ಅಚ್ಚುಕೂಟದವರು ಇದನ್ನು ಫಾರಂ ಎನ್ನುತ್ತಾರೆ. ಮಡಚಿದ ಹಾಗೆಯೇ ಒಂದೊಂದು ಪುಟಕ್ಕೂ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ, ಆಮೇಲೆ ಬಿಚ್ಚಿ ಹರಡಿ ನೋಡಿ. ಬೆನ್ನಿನ ಮಡಿಕೆಯ ಆಚೀಚೆ 1ರ ಪಕ್ಕ 16 ಕೂತಿರುತ್ತದೆ, 4ರ ಪಕ್ಕ 13, 8ರ ಪಕ್ಕ 9. ಯಾವ ಜೋಡಿ ಕೂಡಿದರೂ 17. ಇನ್ನೊಂದು ವಿಷಯ ಗಮನಿಸಿ: ಓದುವಾಗ ಎದುರುಬದುರು ಬರುವ ಪುಟಗಳಲ್ಲಿ ಹಾಳೆಯ ಮೇಲೂ ನಿಜವಾಗಿ ಅಂಟಿಕೊಂಡೇ ಇರುವುದು 8 ಮತ್ತು 9 ಮಾತ್ರ. ಉಳಿದವೆಲ್ಲ ಹಾಳೆಯ ಬೇರೆ ಬೇರೆ ಮೂಲೆಗಳಲ್ಲಿ ಅಚ್ಚಾಗಿ, ಮಡಿಕೆಯಾಗಿ, ಹೊಲಿಗೆಯಾಗಿ ಕೊನೆಗೆ ಪಕ್ಕಕ್ಕೆ ಬಂದು ನಿಂತವು. ಹೀಗಾಗಿ ಎರಡು ಪುಟ ತುಂಬುವ ಚಿತ್ರವನ್ನು ಎಲ್ಲಿ ಹಾಕಬೇಕು? 8–9ರಲ್ಲಿ, 24–25ರಲ್ಲಿ, 40–41ರಲ್ಲಿ. ಅಲ್ಲಿ ಮಡಿಕೆ ಒಂದಿಷ್ಟು ಸರಿದರೂ ಚಿತ್ರ ಒಡೆಯುವುದಿಲ್ಲ, ಏಕೆಂದರೆ ಅದು ಒಂದೇ ಕಾಗದ, ಒಂದೇ ಏಟಿಗೆ ಬಿದ್ದ ಶಾಯಿ. ಒಳ್ಳೆಯ ಚಿತ್ರಗ್ರಂಥದ ಲೇಖಕರಿಗೆ ಇದು ಗೊತ್ತಿದ್ದರೆ ಅಧ್ಯಾಯದ ಮಾತನ್ನೇ ಅರ್ಧ ಪುಟ ಹಿಗ್ಗಿಸಿ, ಕುಗ್ಗಿಸಿ ಚಿತ್ರವನ್ನು ಆ ನಡುಮನೆಗೆ ಕರೆತರುತ್ತಾರೆ.

ನನ್ನ ಮೇಜಿನ ಮೇಲೆ ಈಗ ಇರುವುದು ಯಕ್ಷಗಾನದ ವೇಷಭೂಷಣಗಳ ದೊಡ್ಡ ಗ್ರಂಥ. ತೆಂಕು, ಬಡಗು ಎರಡೂ ತಿಟ್ಟುಗಳ ಕಿರೀಟ, ಮುಂಡಾಸು, ಎದೆಕಟ್ಟು, ಭುಜಕೀರ್ತಿ, ಮುಖವರ್ಣಿಕೆ, ಎಲ್ಲವೂ ಬಣ್ಣದಲ್ಲಿ. 9 ಅಂಗುಲ ಅಗಲ, 12 ಅಂಗುಲ ಎತ್ತರ, 320 ಪುಟ. ಸರಿಯಾಗಿ 20 ಫಾರಂ. ಮುನ್ನುಡಿ ಬರೆದವರು ಕೊನೆಯ ಗಳಿಗೆಯಲ್ಲಿ ಒಂದು ಪುಟ ಹೆಚ್ಚಿಗೆ ಕೊಟ್ಟರೆ ಇನ್ನೆಲ್ಲೋ ಒಂದು ಪುಟ ಜಾಗ ಬಿಟ್ಟುಕೊಡಬೇಕು. 130 ಜಿಎಸ್‌ಎಂ ಆರ್ಟ್ ಪೇಪರಿನಲ್ಲಿ ಅಚ್ಚು ಹಾಕಿದರೆ ಒಳಪುಟಗಳೇ ಸುಮಾರು ಒಂದೂವರೆ ಕಿಲೋ ತೂಗುತ್ತವೆ. ರಟ್ಟಿನ ತೂಕ ಬೇರೆ. ಮಲಗಿ ಓದುವ ಪುಸ್ತಕವಲ್ಲ, ಒಪ್ಪಿದೆ. ಆದರೆ ಒಂದು ವೇಷದ ಎದೆಕಟ್ಟಿನ ಕುಸುರಿಯನ್ನು ಅಂಗೈಯಗಲ ಜಾಗದಲ್ಲಿ ತೋರಿಸಿದರೆ ಅದು ಯಾರಿಗೆ ಕಾಣಬೇಕು?

ದೊಡ್ಡ ಪುಸ್ತಕದ ಹಂಬಲ ಕನ್ನಡಕ್ಕೆ ಹೊಸದೇನೂ ಅಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ ಶುರುವಾದದ್ದು 1841ರಲ್ಲಿ. ಅಲ್ಲಿಂದ 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟು 1700ಕ್ಕೂ ಹೆಚ್ಚು ಪುಟದ್ದು. ಅಷ್ಟನ್ನೂ ಸೀಸದ ಮೊಳೆಗಳಲ್ಲಿ, ಒಂದೊಂದೇ ಅಕ್ಷರ ಹೆಕ್ಕಿ, ಒತ್ತಕ್ಷರಕ್ಕೆ ಬೇರೆ ಮೊಳೆ ಹುಡುಕಿ ಜೋಡಿಸಿದವರ ಹೆಸರು ಮುಖಪುಟದ ಮೇಲಿಲ್ಲ. ಇನ್ನು ಚಿತ್ರದ ಮಾತಿಗೆ ಬಂದರೆ, ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ತಂದದ್ದು 1936ರಲ್ಲಿ. ಆ ಕಾಲದಲ್ಲಿ ಫೋಟೊ ಒಂದನ್ನು ಅಚ್ಚು ಹಾಕುವುದೆಂದರೆ ಏನು ಗೊತ್ತೇ? ಅದನ್ನು ಜಾಲರಿಯ ಗಾಜಿನ ಮೂಲಕ ಚುಕ್ಕಿಚುಕ್ಕಿಯಾಗಿ ಒಡೆಯಬೇಕು, ಲೋಹದ ತಗಡಿನ ಮೇಲೆ ಆಮ್ಲದಲ್ಲಿ ಕೊರೆಸಬೇಕು, ಆ ತಗಡನ್ನು ಮರದ ತುಂಡಿಗೆ ಹೊಡೆದು ಮೊಳೆಗಳ ಎತ್ತರಕ್ಕೆ ತರಬೇಕು. ಅದಕ್ಕೆ ಬ್ಲಾಕ್ ಎಂದು ಹೆಸರು. ಬ್ಲಾಕಿಗೆ ಹಣ ಸುರಿಯಬೇಕಾಗಿದ್ದುದರಿಂದ ಒಂದು ಚಿತ್ರ ಹಾಕುವ ಮೊದಲು ಪ್ರಕಾಶಕರು ಅದು ಬೇಕೇ ಬೇಕೇ ಎಂದು ಹತ್ತು ಸಲ ಯೋಚಿಸುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಚಿತ್ರ ಎಳೆದು ಪುಟದ ಮೇಲೆ ಬಿಟ್ಟರೆ ಆಯಿತು. ಆದರೂ ಆ ಹಳೆಯ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು ಎಂದೇ ನನ್ನ ನಂಬಿಕೆ. ಒಂದೇ ರಾವಣನ ವೇಷದ ನಲವತ್ತು ಫೋಟೊ ಇದ್ದರೆ ಪುಟದಲ್ಲಿ ನಿಲ್ಲಬೇಕಾದದ್ದು ಒಂದೇ.

ಹೀಗೆ ಎಳೆದು ಬಿಡುವ ಸೌಲಭ್ಯ ಬಂದದ್ದು 1985ರಲ್ಲಿ, ಪೇಜ್‌ಮೇಕರ್ ಎಂಬ ತಂತ್ರಾಂಶದಿಂದ. ಡೆಸ್ಕ್‌ಟಾಪ್ ಪಬ್ಲಿಶಿಂಗ್ ಎಂಬ ಹೆಸರು ರೂಢಿಗೆ ಬಂದದ್ದೂ ಅದರ ಜೊತೆಗೇ. ನಮ್ಮೂರುಗಳಲ್ಲಿ ಅದು ಚಿಕ್ಕದಾಗಿ ಡಿಟಿಪಿ ಆಯಿತು. ಮದುವೆಯ ಕರೆಯೋಲೆಯಿಂದ ಮಹಾಕಾವ್ಯದವರೆಗೆ ಎಲ್ಲವೂ ಬಸ್‌ಸ್ಟ್ಯಾಂಡಿನ ಎದುರಿನ ಡಿಟಿಪಿ ಸೆಂಟರಿನಲ್ಲೇ ಹುಟ್ಟಿದ ಒಂದು ಕಾಲವಿತ್ತು. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದ್ದು. ಅಡೋಬಿಯವರು ಅದರ ಜಾಗಕ್ಕೆ 1999ರಲ್ಲೇ ಇನ್‌ಡಿಸೈನ್ ತಂದಿದ್ದರು. ಹಣ ಕೊಡದೆ ಬಳಸಬಹುದಾದ ಸ್ಕ್ರೈಬಸ್ ಕೂಡ ಇದೆ.

ಪೇಜ್‌ಮೇಕರ್ ಮಾಡಿದ ಮೊದಲ ಸಂಸ್ಥೆಯ ಹೆಸರು ಆಲ್ಡಸ್. 1994ರಲ್ಲಿ ಅದು ಅಡೋಬಿಯೊಳಗೆ ಸೇರಿಹೋಯಿತು. ಈ ಆಲ್ಡಸ್ ಯಾರು? ಐನೂರು ವರ್ಷದ ಹಿಂದೆ ವೆನಿಸ್ ನಗರದಲ್ಲಿ ಅಚ್ಚುಕೂಟ ನಡೆಸಿದ ವಿದ್ವಾಂಸ, ಆಲ್ಡಸ್ ಮನೂಷಿಯಸ್. 1499ರಲ್ಲಿ ಆತ ‘ಹಿಪ್ನೆರೊಟೊಮಾಕಿಯಾ ಪೋಲಿಫಿಲಿ’ ಎಂಬ ಗ್ರಂಥ ಅಚ್ಚುಹಾಕಿದ. ನೂರೈವತ್ತಕ್ಕೂ ಹೆಚ್ಚು ಮರದಚ್ಚಿನ ಚಿತ್ರಗಳು, ಅವುಗಳ ಬಗಲಲ್ಲಿ ತೂಗಿ ನೋಡಿ ಇಟ್ಟ ಅಕ್ಷರ. ಪುಟ ವಿನ್ಯಾಸ ಕಲಿಯುವವರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ: ಚಿತ್ರದ ಗೆರೆ ಎಷ್ಟು ದಪ್ಪವೋ ಅಕ್ಷರದ ಗೆರೆಯೂ ಹೆಚ್ಚುಕಡಿಮೆ ಅಷ್ಟೇ. ಒಂದು ಇನ್ನೊಂದನ್ನು ತುಳಿಯುವುದಿಲ್ಲ. ಚಿತ್ರಗ್ರಂಥಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೇ?

ಇದೇ ಆಲ್ಡಸ್ 1501ರಲ್ಲಿ ಓರೆ ಅಕ್ಷರವನ್ನೂ ಪುಸ್ತಕಕ್ಕೆ ತಂದ, ಇಟಾಲಿಕ್ ಎನ್ನುತ್ತಾರಲ್ಲ, ಅದನ್ನು. ಲ್ಯಾಟಿನ್ ಲಿಪಿಗೆ ಅದು ಕೈಬರಹದಿಂದಲೇ ಬಂದ ಚೆಲುವು. ತಂತ್ರಾಂಶದಲ್ಲಿ ಅದಕ್ಕೊಂದು ಗುಂಡಿ ಇದೆ ಎಂದು ನಾವು ಕನ್ನಡವನ್ನೂ ಓರೆ ಮಾಡುತ್ತೇವೆ. ಬೇಡ, ದಯವಿಟ್ಟು ಬೇಡ. ಕನ್ನಡದ ಅಕ್ಷರ ದುಂಡಗೆ ಕೂತು ತಲೆಕಟ್ಟು ಹೊತ್ತದ್ದು; ಯಂತ್ರ ಅದನ್ನು ಬಲಕ್ಕೆ ತಳ್ಳಿದರೆ ದುಂಡು ಸೊಟ್ಟಗಾಗುತ್ತದೆ, ಒತ್ತು ತನ್ನ ಅಕ್ಷರದ ಅಡಿಯಿಂದ ಜಾರಿ ನಿಲ್ಲುತ್ತದೆ. ಪ್ರಸಂಗದ ಹೆಸರನ್ನು ಬೇರೆಯಾಗಿ ಕಾಣಿಸಬೇಕೇ? ಒಂಟಿ ಉದ್ಧರಣ ಚಿಹ್ನೆ ಸಾಕು. ಅದೂ ಸಾಲದಿದ್ದರೆ ಒಂಚೂರು ದಪ್ಪಕ್ಷರ.

ಒತ್ತಿನ ಮಾತು ಬಂತು. ಕನ್ನಡದ ಪುಟಕ್ಕೆ ಜಾಗ ಬೇಕಾಗುವುದು ಸಾಲುಗಳ ನಡುವೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು, ಏತ್ವ ಮೇಲೇರುತ್ತವೆ. ಇಂಗ್ಲಿಷಿನ ಲೆಕ್ಕದಲ್ಲಿ 11 ಪಾಯಿಂಟಿನ ಅಕ್ಷರಕ್ಕೆ 13 ಪಾಯಿಂಟ್ ಸಾಲು ಬಿಟ್ಟರೆ ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಒಬ್ಬರ ಮೊಣಕೈ ಇನ್ನೊಬ್ಬರ ಹೊಟ್ಟೆಗೆ ತಾಗುತ್ತಿರುತ್ತದೆ. 16, 17 ಬಿಡಿ, ಪುಟ ಉಸಿರಾಡುತ್ತದೆ. ಇನ್ನು ಚಿತ್ರದ ಪಕ್ಕದ ಕಿರಿದಾದ ಕಾಲಮ್ಮು. ನಮ್ಮದು ಪದಕ್ಕೆ ಪದ ಅಂಟುವ ಭಾಷೆ; ‘ಕಟ್ಟಿಕೊಳ್ಳುತ್ತಿದ್ದರೆಂದು’ ಎಂಬ ಒಂದೇ ಪದ ಸಾಲಿನ ಅರ್ಧ ತಿನ್ನುತ್ತದೆ. ಎರಡೂ ಅಂಚು ನೇರವಾಗಬೇಕೆಂದು ಹಟ ಹಿಡಿದರೆ ಸಾಲಿಗೆ ಎರಡೇ ಪದ, ನಡುವೆ ಬಯಲು. ಚಿತ್ರದ ಅಡಿಬರಹಗಳನ್ನು ಎಡಕ್ಕೆ ಮಾತ್ರ ಸಾಲುಗೂಡಿಸಿ ಬಲಕ್ಕೆ ಹೇಗೆ ಬರುತ್ತದೋ ಹಾಗೆ ಬಿಡುವುದು ಕಣ್ಣಿಗೆ ಹಿತ. ಓದುವವರು ಅಂಚನ್ನು ಅಳೆಯುವುದಿಲ್ಲ, ಓದುತ್ತಾರೆ.

ಎಲ್ಲಿದ್ದೆವು? ಹಾಂ, ತಂತ್ರಾಂಶ. ನಮ್ಮ ಗ್ರಂಥದ ಲೇಖನಗಳಲ್ಲಿ ಕೆಲವು ಯುನಿಕೋಡಿನಲ್ಲಿವೆ, ಕೆಲವು ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ. ಆ ಹಳೆಯವು ಒಂದು ಉಪಾಯದ ಮೇಲೆ ನಿಂತಿದ್ದವು: ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು, ಫಾಂಟು ಮಾತ್ರ ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತೋರಿಸುತ್ತದೆ. ಪೇಜ್‌ಮೇಕರಿಗೆ ಕನ್ನಡ ಗೊತ್ತಿರಲಿಲ್ಲ, ಆದರೂ ಇಡೀ ಒಂದು ತಲೆಮಾರಿನ ಕನ್ನಡ ಪುಸ್ತಕಗಳು ಅದರಲ್ಲೇ ಆದವು. ಆ ಉಪಾಯ ಕಂಡುಹಿಡಿದವರಿಗೆ ನಾವು ಋಣಿಗಳು. ಅದನ್ನು ಈಗ ಯುನಿಕೋಡಿಗೆ ತರುವಾಗ ಕಣ್ಣಿಡಬೇಕಾದದ್ದು ಅರ್ಕಾವತ್ತಿನ ಮೇಲೆ. ‘ಕರ್ಣಾರ್ಜುನ ಕಾಳಗ’ ಎಂಬ ಪ್ರಸಂಗದ ಹೆಸರನ್ನೇ ತೆಗೆದುಕೊಳ್ಳಿ. ಅರ್ಕಾವತ್ತು ಎರಡು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಂಡಂತೆ ಅಕ್ಷರದ ಆಮೇಲೆ ಕೂತಿರುತ್ತದೆ. ಯುನಿಕೋಡಿನಲ್ಲಿ ಬಾಯಲ್ಲಿ ಉಚ್ಚರಿಸಿದಂತೆ ರಕಾರ ಮೊದಲು ಬರುತ್ತದೆ. ಪರಿವರ್ತಕ ಒಂದಿಷ್ಟು ಎಡವಿದರೆ ಕರ್ಣನ ರಕಾರ ಪಕ್ಕದ ಅಕ್ಷರಕ್ಕೆ ಹೋಗಿ ಸೇರಿಕೊಳ್ಳುತ್ತದೆ. ಮಹಾಭಾರತದಲ್ಲಿ ಧರ್ಮರಾಯ, ದುರ್ಯೋಧನ, ಎಲ್ಲೆಲ್ಲೂ ಅರ್ಕಾವತ್ತೇ. ಕರಡು ತಿದ್ದುವವರು ಪುರಾಣ ತಿಳಿದವರಾಗಿದ್ದರೆ ಎಷ್ಟು ನೆಮ್ಮದಿ! ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬುದನ್ನು ಆರಿಸಿಕೊಳ್ಳುವುದನ್ನೂ ಮರೆಯಬಾರದು. ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು ಸಾಲಿನಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಯುನಿಕೋಡ್ ಫಾಂಟುಗಳ ಹೆಸರು ಕೇಳಿದ್ದೀರಾ? ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು. ಹೂವೂ ಹಕ್ಕಿಯೂ ಸೇರಿದ ಹಿತ್ತಿಲು. ಕೇದಗೆ ಎಂದಾಗಲೆಲ್ಲ ನನ್ನ ಮನಸ್ಸು ಬಡಗುತಿಟ್ಟಿನ ಕೇದಗೆ ಮುಂದಲೆಗೆ ಓಡುತ್ತದೆ. ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರು ಕಟ್ಟುವ ಆ ಶಿರೋಭೂಷಣ ಎಷ್ಟು ಚುರುಕು, ಎಷ್ಟು ಹಗುರ! ಅದನ್ನು ಪಟ್ಟಿ ಸುತ್ತಿ ಸುತ್ತಿ ತಲೆಯ ಮೇಲೆಯೇ ಕಟ್ಟುವ ಕೈಚಳಕವನ್ನು ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ನೋಡಬೇಕು. ಒಂದು ಫೋಟೊದಲ್ಲಿ ಅದು ತಿಳಿಯದು. ಅದಕ್ಕೇ ಗ್ರಂಥದಲ್ಲಿ ಆ ಕಟ್ಟುವಿಕೆಗೆ ಒಂದು ಪುಟ ಪೂರ್ತಿ ಬಿಟ್ಟಿದ್ದೇವೆ, ಚಿಕ್ಕ ಚಿಕ್ಕ ಚಿತ್ರಗಳ ಸಾಲಾಗಿ. ಚಿಕ್ಕ ಚಿತ್ರ ಎಂದರೆ ಕಡಿಮೆ ಚಿತ್ರವಲ್ಲ. ಎಲ್ಲವೂ ಒಂದೇ ಅಳತೆಯಲ್ಲಿ, ಒಂದೇ ದೂರದಿಂದ ತೆಗೆದದ್ದಾದರೆ ಕಣ್ಣು ತಾನಾಗಿ ಒಂದರಿಂದ ಇನ್ನೊಂದಕ್ಕೆ ಸಾಗುತ್ತದೆ.

ಯಕ್ಷಗಾನ ರಾತ್ರಿಯ ಕಲೆ. ದೊಂದಿಯ ಕಾಲ ಹೋಯಿತು, ಗ್ಯಾಸ್‌ಲೈಟಿನ ಕಾಲವೂ ಹೋಯಿತು, ಈಗ ವಿದ್ಯುತ್ ದೀಪ. ದೀಪ ಯಾವುದಾದರೂ ಹಿಂದೆ ಕತ್ತಲೆಯೇ. ಈ ಕತ್ತಲೆಯನ್ನು ಕಾಗದಕ್ಕೆ ತರುವುದು ಹೇಗೆ? ಕರಿ ಶಾಯಿಯೊಂದನ್ನೇ ನೂರಕ್ಕೆ ನೂರು ಹಾಕಿದರೆ ಆರ್ಟ್ ಪೇಪರಿನ ಮೇಲೆ ಅದು ಬೂದು ಬಡಿದಂತೆ ಕಾಣುತ್ತದೆ. ಅದರ ಜೊತೆಗೆ ನೀಲಿ, ಕೆಂಪು, ಹಳದಿಯನ್ನೂ ಸೇರಿಸಬೇಕು. ಹಾಗೆಂದು ನಾಲ್ಕನ್ನೂ ನೂರು ನೂರು ಸುರಿದರೆ ಒಟ್ಟು 400 ಆಯಿತು. ಶಾಯಿ ಒಣಗುವುದಿಲ್ಲ, ಎದುರಿನ ಹಾಳೆಗೆ ಅಂಟುತ್ತದೆ. ಒಟ್ಟು ಶಾಯಿ 300ರ ಆಸುಪಾಸು ನಿಲ್ಲಬೇಕು. ಅಕ್ಷರಗಳಿಗೆ ಮಾತ್ರ ಕರಿ ಒಂದೇ ಇರಲಿ. ನಾಲ್ಕು ತಗಡು ಕೂದಲೆಳೆ ಸರಿದರೂ ನಾಲ್ಕು ಬಣ್ಣದ ಅಕ್ಷರದ ಸುತ್ತ ಕೆಂಪು ನೀಲಿ ಅಂಚು ಇಣುಕುತ್ತದೆ. ಕತ್ತಲೆಯ ಫೋಟೊದ ಮೇಲೆ ಬಿಳಿ ಅಕ್ಷರದಲ್ಲಿ ಅಡಿಬರಹ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಸಣ್ಣ ಅಕ್ಷರವಾದರೆ ಸುತ್ತಣ ಶಾಯಿ ಒಳನುಗ್ಗಿ ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಅಡಿಬರಹ ಬಿಳಿ ಅಂಚಿನಲ್ಲೇ ಸುಖವಾಗಿರಲಿ.

ಬಿಳಿಯ ಮಾತು ಬಂದಾಗ ಬಣ್ಣದ ವೇಷದ ಚಿಟ್ಟಿಯನ್ನು ಹೇಳದೆ ಮುಂದೆ ಹೋಗಲಾಗದು. ರಾಕ್ಷಸ ವೇಷಗಳ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಸಾಲುಸಾಲಾಗಿ ಇಡುವ ಆ ಬಿಳಿ ಮುಳ್ಳುಗಳು ಗೊತ್ತಲ್ಲ? ಕಲಾವಿದರು ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂತು ಒಂದೊಂದನ್ನೇ ಇಡುತ್ತಾರೆ. ನಾಲ್ಕು ಬಣ್ಣದ ಅಚ್ಚಿನಲ್ಲಿ ಬಿಳಿ ಶಾಯಿ ಎಂಬುದೇ ಇಲ್ಲ. ಪುಸ್ತಕದಲ್ಲಿ ನಾವು ನೋಡುವ ಚಿಟ್ಟಿಯ ಬಿಳಿ, ಶಾಯಿ ಬೀಳದೆ ಉಳಿದ ಕಾಗದದ ಬಿಳಿ. ಹಾಗೆಂದು ಪೂರ್ತಿ ಖಾಲಿ ಬಿಟ್ಟರೆ ಮುಖದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ನೂರಕ್ಕೆ ಮೂರೋ ನಾಲ್ಕೋ ಪಾಲಿನ ಸಣ್ಣ ಚುಕ್ಕಿಗಳನ್ನು ಉಳಿಸಿದರೆ ಮುಳ್ಳಿನ ಉಬ್ಬು, ಅದರ ನೆರಳು ಎದ್ದು ಬರುತ್ತದೆ. ಕಲಾವಿದರು ಅಷ್ಟು ತಾಳ್ಮೆಯಿಂದ ಇಟ್ಟದ್ದನ್ನು ಕಾಣಿಸಲು ನಾವೂ ಅಷ್ಟೇ ತಾಳ್ಮೆಯಿಂದ ಒಂದೊಂದು ಮುಖದ ಮುಂದೆ ಕೂರಬೇಡವೇ? ಕಂಪ್ಯೂಟರು ಬೇಗ ಮಾಡುವ ಕೆಲಸ ಬಹಳ ಇದೆ. ಇದು ಅದರಲ್ಲಿ ಸೇರಿದ್ದಲ್ಲ.

ಕಿರೀಟದ ಬಂಗಾರ ಇನ್ನೊಂದು ಪರೀಕ್ಷೆ. ಪರದೆಯ ಮೇಲೆ ಅದು ಹೊಳೆಯುತ್ತದೆ, ಏಕೆಂದರೆ ಪರದೆ ತಾನೇ ಬೆಳಕು. ಕಾಗದ ಬೆಳಗುವುದಿಲ್ಲ, ನಮ್ಮ ಕೋಣೆಯ ಬೆಳಕನ್ನು ಹಿಂದಕ್ಕೆ ಕೊಡುತ್ತದೆ ಅಷ್ಟೆ. ನಾಲ್ಕು ಬಣ್ಣದಲ್ಲಿ ಬಂಗಾರವೆಂದರೆ ಕಂದು ಬೆರೆತ ಹಳದಿ. ಐದನೆಯ ಬಣ್ಣವಾಗಿ ಲೋಹದ ಶಾಯಿ ಹಾಕಬಹುದು, ಖರ್ಚು ಏರುತ್ತದೆ. ಕಿರೀಟದ ಗಾಜಿನ ಹರಳುಗಳ ಮಿಂಚನ್ನು ಉಳಿಸಿಕೊಂಡು ಅದರ ಸುತ್ತಣ ನೆರಳನ್ನು ಗಾಢ ಮಾಡಿದರೆ ಕಣ್ಣು ಅದನ್ನೇ ಬಂಗಾರ ಎಂದು ಒಪ್ಪಿಕೊಳ್ಳುತ್ತದೆ. ಕೆಂಪು ಸೀರೆ ಅಷ್ಟು ಕಾಡುವುದಿಲ್ಲ. ಕೆಂಪಿಗೂ ಹಳದಿಗೂ ಶಾಯಿಯಲ್ಲಿ ದಾರಿ ಇದೆ. ಕಾಡುವುದು ಹೊಸ ದೀಪಗಳ ನೇರಳೆ, ಮಿಂಚು ಹಸಿರು. ಇನ್ನು ಹಳೆಯ ಕಲಾವಿದರ ಚಿತ್ರಗಳು ಕೆಲವು ಸಂಚಿಕೆಗಳಲ್ಲಿ ಅಚ್ಚಾದ ರೂಪದಲ್ಲೇ ಉಳಿದಿವೆ. ಅವುಗಳನ್ನು ಸ್ಕ್ಯಾನ್ ಮಾಡಿದರೆ ಅಲ್ಲಿನ ಹಳೆಯ ಚುಕ್ಕಿಗಳೂ ನಮ್ಮ ಹೊಸ ಚುಕ್ಕಿಗಳೂ ಡಿಕ್ಕಿ ಹೊಡೆದು ಮುಖದ ತುಂಬ ಅಲೆಯಲೆಯ ಜಾಲ ಏಳುತ್ತದೆ. ನಾಲ್ಕು ಬಣ್ಣದ ಚುಕ್ಕಿಸಾಲುಗಳನ್ನು 15, 75, 90, 45 ಡಿಗ್ರಿಗಳಲ್ಲಿ ಬೇರೆ ಬೇರೆಯಾಗಿ ಓರೆ ನಿಲ್ಲಿಸುವುದು ಇಂಥ ಜಗಳ ಆಗದಿರಲಿ ಎಂದೇ. ಸಾಧ್ಯವಾದರೆ ಮೂಲ ಫೋಟೊವನ್ನೇ ಹುಡುಕಿ. ಯಾರದೋ ಅಟ್ಟದ ಮೇಲಿನ ಟ್ರಂಕಿನಲ್ಲಿ ಅದು ಇದ್ದೇ ಇರುತ್ತದೆ, ಮತ್ತು ಆ ಟ್ರಂಕು ತೆರೆದವರು ಒಂದು ಫೋಟೊದ ಜೊತೆಗೆ ಹತ್ತು ಕತೆ ಹೇಳುತ್ತಾರೆ.

ಇಷ್ಟೆಲ್ಲ ಆದಮೇಲೆ ಲೆಕ್ಕ. ಪುಟ ತುಂಬುವ ಚಿತ್ರಕ್ಕೆ ಅಂಗುಲಕ್ಕೆ 300 ಚುಕ್ಕಿ ಬೇಕು. 9ಕ್ಕೆ 12 ಅಂಗುಲವೆಂದರೆ 2700ಕ್ಕೆ 3600, ಹತ್ತಿರ ಹತ್ತಿರ ಒಂದು ಕೋಟಿ ಚುಕ್ಕಿ. ಅಂಚು ಕತ್ತರಿಸುವಾಗ ಬಿಳಿ ಇಣುಕದಿರಲು ಸುತ್ತ 3 ಮಿಲಿಮೀಟರ್ ಹೆಚ್ಚಿಗೆ ಚಿತ್ರ. ವಾಟ್ಸ್ಯಾಪಿನಲ್ಲಿ ಬಂದ ಫೋಟೊ ಇಲ್ಲಿ ನಡೆಯುವುದಿಲ್ಲ ಎಂದು ಕಲಾವಿದರ ಮನೆಯವರಿಗೆ ಪ್ರೀತಿಯಿಂದ ವಿವರಿಸಬೇಕು. ಫೋಟೊ ಕಳಿಸುವ ದಾರಿಯಲ್ಲೇ ಅದು ಕುಗ್ಗಿರುತ್ತದೆ. ಅಕ್ಷರ, ಚಿತ್ರ, ಫಾಂಟು ಎಲ್ಲ ಸೇರಿಸಿ ಪಿಡಿಎಫ್ ಮಾಡಿ ಕೊಟ್ಟಮೇಲೂ ಒಂದು ಕೆಲಸ ಉಳಿಯುತ್ತದೆ. ಮೊದಲ ಫಾರಂ ಯಂತ್ರವೇರಿದ ದಿನ ಅಚ್ಚುಕೂಟಕ್ಕೆ ಹೋಗಿ ನಿಲ್ಲುವುದು. ಅಲ್ಲಿ ಯಂತ್ರ ನಡೆಸುವವರು ಹಸಿ ಹಾಳೆ ಎತ್ತಿ, ಮಸೂರ ಇಟ್ಟು, ಕೆಂಪು ಒಂದೆಳೆ ಜಾಸ್ತಿ ಎನ್ನುತ್ತಾರೆ. ಅವರ ಕಣ್ಣಿಗೆ ನಾನು ತಲೆಬಾಗುತ್ತೇನೆ.

ಕಟ್ಟುವುದು ಹೊಲಿಗೆಯಲ್ಲೇ ಆಗಲಿ. ಆರ್ಟ್ ಪೇಪರಿನ ನುಣುಪು ಅಂಟನ್ನು ಹಿಡಿಯದು; ಬರಿಯ ಅಂಟಿನ ಬೈಂಡು ಮಾಡಿದರೆ ವರ್ಷ ತುಂಬುವ ಮೊದಲೇ ಪುಟಗಳು ಕೈಗೆ ಬರುತ್ತವೆ. ಹೊಲಿದ ಪುಸ್ತಕವನ್ನು ಮನೆಗೆ ತಂದಾಗ ಒಮ್ಮೆಲೇ ನಡುವಿಗೆ ಬಗ್ಗಿಸಬೇಡಿ. ಮುಂದಿನಿಂದ ನಾಲ್ಕು ಹಾಳೆ, ಹಿಂದಿನಿಂದ ನಾಲ್ಕು ಹಾಳೆ ಮೆಲ್ಲನೆ ಒತ್ತುತ್ತ ನಡುವಿಗೆ ಬನ್ನಿ. ಬೆನ್ನು ಬಹುಕಾಲ ಬಾಳುತ್ತದೆ.

ಇನ್ನೊಂದು ಹೇಳಬೇಕಿತ್ತು. ನಮ್ಮ ಕನ್ನಡ ಪುಸ್ತಕಗಳಲ್ಲಿ ಶೀರ್ಷಿಕೆಯ ಬೆನ್ನಿಗೆ ಒಂದು ಪುಟ ಇರುತ್ತದಲ್ಲ, ಪುಟಗಳೆಷ್ಟು, ಪ್ರತಿಗಳೆಷ್ಟು, ಬಳಸಿದ ಕಾಗದ ಯಾವುದು, ಅಕ್ಷರ ಜೋಡಣೆ ಯಾರದು, ಮುದ್ರಣ ಎಲ್ಲಿ ಎಂದು ಬರೆದದ್ದು? ಅದು ನನಗೆ ತುಂಬ ಇಷ್ಟ. ಕಾಗದದ ಗ್ರಾಂ ತೂಕವನ್ನೂ ಓದುಗರ ಮುಂದಿಡುವ ಈ ರೂಢಿ ಬಹಳ ಸಭ್ಯವಾದದ್ದು. ನಮ್ಮ ಗ್ರಂಥದಲ್ಲಿ ಆ ಪುಟವನ್ನು ತುಸು ದೊಡ್ಡದು ಮಾಡಿ, ಚೌಕಿಯಲ್ಲಿ ವೇಷ ಕಟ್ಟಿದವರು, ಸ್ಕ್ಯಾನ್ ಮಾಡಿದವರು, ಅರ್ಕಾವತ್ತು ಹಿಡಿದವರು, ಹೊಲಿದವರು ಎಲ್ಲರನ್ನೂ ಸೇರಿಸಬೇಕೆಂದಿದ್ದೇವೆ. ಅದಕ್ಕೂ ಜಾಗ ಬೇಕು. 320ರಲ್ಲಿ ಎಲ್ಲಿಂದ ತರುವುದು? ಮುನ್ನುಡಿಯವರನ್ನು ಕೇಳಿ ನೋಡುತ್ತೇವೆ, ಅರ್ಧ ಪುಟ ಬಿಟ್ಟುಕೊಟ್ಟಾರು.